ಅಪ್ಪನ ಪಾಲು

ಜನವರಿ 14, ಭಾನುವಾರ

ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಅದರಲ್ಲೇ ಬರೆಯುತ್ತಿದ್ದೇನೆ. ಅಳತೆಗಳನ್ನು ಒಂದು ಕಡೆ ಬರೆದಿಡಬೇಕು ಅಂತ, ಅಷ್ಟೇ.

ನನ್ನ ಗಂಡ ಅದುಸೈಯವರ ಬಲತೊಡೆಯ ಹಿಂಭಾಗದ ಗಡ್ಡೆ, ಟೇಪು ಹಿಡಿದು ನೋಡಿದರೆ ಉದ್ದಕ್ಕೆ ಹನ್ನೊಂದು ಸೆಂಟಿಮೀಟರು. ಕ್ರಿಸ್‌ಮಸ್ಸಿನ ಹಿಂದಿನ ಭಾನುವಾರ ಒಂಬತ್ತಿತ್ತು.

ಗಡ್ಡೆ ಹೊಸದಲ್ಲ. ಹದಿಮೂರು ವರ್ಷದ ಹಿಂದೆ ಮದುವೆಯಾದಾಗಲೂ ಇತ್ತು, ನಿಂಬೆಹಣ್ಣಿನಷ್ಟು, ಮೆತ್ತಗೆ. ಬೆನ್ನು, ಹೊಟ್ಟೆಯ ಮೇಲೆಲ್ಲ ಬಟಾಣಿಯಂಥ ಸಣ್ಣವು ಬೇರೆ. ಅವರ ತಾಯಿಗೆ ಇದ್ದವು. ಅಕ್ಕ ಬಿರಾಗೊಳಿಗೆ ಕುತ್ತಿಗೆ ತುಂಬ ಇವೆ. ಅವರ ತಾಯಿಬಳಿಯಲ್ಲಿ, ಅಂದರೆ ತಾಯಿಯಿಂದ ಮಕ್ಕಳಿಗೆ ಇಳಿಯುವ ಕುಲದಲ್ಲಿ, ಪ್ರತಿ ತಲೆಮಾರಿಗೂ ಒಬ್ಬಿಬ್ಬರಿಗೆ ಬರುತ್ತದೆ. ಮದುವೆಗೆ ಮುಂಚೆ ನಮ್ಮ ಹಿರಿಯರು ವಿಚಾರಿಸಲು ಹೋದಾಗ ಇದನ್ನು ಯಾರೂ ಮುಚ್ಚಿಡಲಿಲ್ಲ. ನನ್ನ ಸೋದರಮಾವ ನಕ್ಕುಬಿಟ್ಟಿದ್ದರು. "ಹೆಣ್ಣು ತರ್ತಿದ್ರೆ ಯೋಚಿಸ್ಬೇಕಿತ್ತು. ಗಂಡು ತಾನೇ? ರಕ್ತ ತಾಯಿದು. ನಮ್ಮ ಹುಡುಗಿ ಮಕ್ಕಳಿಗೆ ಇವನ ರಕ್ತ ಎಲ್ಲಿಂದ ಬರುತ್ತೆ?" ಎಂದಿದ್ದರು. ಸರಿಯಾದ ಮಾತು. ಮಗಳು ಪಿನಮಾಂಗ್‌ಗೆ ಈಗ ಹನ್ನೊಂದು ವರ್ಷ; ಅವಳು ನನ್ನ ಬಳಿಯವಳು, ನನ್ನ ರಕ್ತ. ಅಪ್ಪನಿಂದ ಅವಳಿಗೆ ಬಂದಿರುವುದು ಹೆಸರು, ಹಟ, ನಡೆಯುವ ಠೀವಿ.

ಇವತ್ತು ಬರೆಯಲೇಬೇಕಾದದ್ದು ಇದು. ಅದುಸೈ ಮಗ್ಗದ ಮುಂದೆ ಕೂತು ಕೆಂಟೆ ಬಟ್ಟೆಯ ಪಟ್ಟಿ ನೇಯುತ್ತಿದ್ದರು. ಕಾಲ್ಬೆರಳುಗಳ ಸಂದಿಗೆ ಸಿಕ್ಕಿಸಿಕೊಂಡ ಹಗ್ಗವನ್ನು ಒಂದಾದ ಮೇಲೊಂದು ಎಳೆಯುತ್ತ ನೇಯುವುದು. ಬಲಗಾಲಿನ ಹಗ್ಗ ಜಾರಿಹೋಗಿದೆ. ಅವರಿಗೆ ತಿಳಿದೇ ಇಲ್ಲ. ಬರಿಗಾಲನ್ನು ಗಾಳಿಯಲ್ಲಿ ಆಡಿಸುತ್ತ ಒಂದು ಗೇಣು ತಪ್ಪು ನೇಯ್ದಿದ್ದಾರೆ. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ.

"ಯಾವಾಗ ಜಾರಿತು?" ಎಂದೆ.

"ಗೊತ್ತಿಲ್ಲ ಟೀಚರಮ್ಮ. ಅದೇ ತೊಂದ್ರೆ. ಗೊತ್ತೇ ಆಗ್ಲಿಲ್ಲ."

ಪಿನ್ನು ತಂದು ಚುಚ್ಚಿದೆ. ಹೆಬ್ಬೆರಳು, ಇಲ್ಲ. ಎರಡನೆಯದು, ಇಲ್ಲ. ಪಾದದ ಹೊರಗಿನ ಅಂಚು, ಇಲ್ಲ. ಹಿಮ್ಮಡಿಯ ಹತ್ತಿರ ಚುಚ್ಚಿದಾಗ ಬೈದರು. ಆ ಬೈಗುಳ ಕೇಳಿ ನನಗೆ ಸಮಾಧಾನವಾಯಿತು.

ಜನವರಿ 23, ಮಂಗಳವಾರ

ಕುಮಾಸಿಯ ದೊಡ್ಡಾಸ್ಪತ್ರೆ. ಡಾಕ್ಟರ್ ಅಯಂಗಾ ಎಂಬ ಹೆಂಗಸು. ಉತ್ತರದ ಕಡೆಯವರು; ನಮ್ಮ ಭಾಷೆಯನ್ನು ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ನಿಧಾನವಾಗಿ ಆಡುತ್ತಾರೆ. ರಾತ್ರಿ ನೋವಿದೆಯಾ, ಮೂರು ತಿಂಗಳಲ್ಲಿ ಬೆಳೆದಿದೆಯಾ, ಮರಗಟ್ಟಿದೆಯಾ ಎಂದು ಕೇಳಿದರು. ನಾನು ಹಾಳೆ ಮುಂದಿಟ್ಟೆ.

"ನೀವು ನರ್ಸಾ?"

"ಲೆಕ್ಕದ ಟೀಚರ್."

ಅಂಕಿಗಳನ್ನು ಕಡತಕ್ಕೆ ನಕಲು ಮಾಡಿಕೊಂಡರು. ಗಡ್ಡೆಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. "ಮಕ್ಕಳಿದ್ದಾರಾ?" ಎಂದರು.

"ಒಬ್ಬಳೇ ಮಗಳು. ಅವಳಿಗೇನೂ ಇಲ್ಲ ಬಿಡಿ, ಅವಳು ಇವರ ಕಡೆಯವಳು" ಎಂದರು ಅದುಸೈ.

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಮಂಚದವನಿಗೆ ವಾಂತಿಯಾಯಿತು, ಎದ್ದು ಹೋದರು.

ಫೆಬ್ರವರಿ 15, ಗುರುವಾರ

ಫಲಿತಾಂಶ ಬಂತು. ನರದ ಮೇಲಿನ ಪೊರೆಯಲ್ಲಿ ಹುಟ್ಟಿದ ಗಡ್ಡೆ. ಇಷ್ಟು ವರ್ಷ ಸಾಧುವಾಗಿದ್ದದ್ದು ಕ್ಯಾನ್ಸರಾಗಿ ತಿರುಗಿದೆ. ಇಂಥ ಗಂಟು ಇರುವವರಲ್ಲಿ ಹತ್ತರಲ್ಲಿ ಒಬ್ಬರಿಗೆ ಹೀಗಾಗಬಹುದಂತೆ.

"ಪೊರೆ ಮಾತ್ರ ಬಿಡಿಸಿ ನರ ಉಳಿಸೋಕೆ ಆಗಲ್ವಾ ಡಾಕ್ಟ್ರಮ್ಮ?" ಎಂದರು ಅದುಸೈ. "ಎಂಥಾ ಗಂಟಾದ್ರೂ ನಾನು ಬಿಡಿಸ್ತೀನಿ, ನೂಲು ಹರಿಯಲ್ಲ."

"ಇದು ನೂಲೊಳಗೇ ಹೊಕ್ಕಿದೆ. ಪಕ್ಕದ ರಕ್ತನಾಳಕ್ಕೂ ಸುತ್ತಿದೆ. ಕಾಲು ತೆಗೀಬೇಕು, ಸೊಂಟದ ಹತ್ರದಿಂದ."

ಅದುಸೈ ತಮ್ಮ ಕಾಲನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ತೆಗೆದರೆ ಎಷ್ಟು ಜನ ಉಳಿಯುತ್ತಾರೆ ಎಂದು ನಾನು ಕೇಳಿದೆ. ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ. ಐದು ವರ್ಷ ದಾಟುವವರು ಮೂವರಲ್ಲಿ ಒಬ್ಬರು. ತೆಗೆಯದಿದ್ದರೆ? "ಒಂದು ವರ್ಷ ಅಂತ ಹೇಳೋಕೂ ನನಗೆ ಧೈರ್ಯ ಇಲ್ಲ. ಇದು ಹೋಗೋದು ಶ್ವಾಸಕೋಶಕ್ಕೆ. ಇವತ್ತಿನ ಚಿತ್ರದಲ್ಲಿ ಎದೆ ಸ್ವಚ್ಛವಾಗಿದೆ. ಸ್ವಚ್ಛವಾಗಿರುವಾಗಲೇ ಬನ್ನಿ."

ದಿನ ಕೊಟ್ಟಿದ್ದಾರೆ: ಫೆಬ್ರವರಿ 27.

ಫೆಬ್ರವರಿ 18, ಭಾನುವಾರ

ಅವರ ಬಳಿಯ ಸಭೆ. ನಾನು ಹೆಂಡತಿ, ಬೇರೆ ಬಳಿಯವಳು. ಅಂಗಳದ ಆಚೆ ಒಲೆಯ ಪಕ್ಕ ಕುಳಿತು ಕೇಳಿಸಿಕೊಂಡೆ.

ಬಳಿಯ ಯಜಮಾನರು ಅದುಸೈಯವರ ಸೋದರಮಾವ, ಚೆರೆಮೆ ಮಾವಯ್ಯ. "ಕಾಲು ಕತ್ತರಿಸಿದ್ರೂ ಮೂವರಲ್ಲಿ ಇಬ್ಬರು ಸಾಯ್ತಾರೆ ಅಂತ ಆ ಹೆಂಗಸೇ ಹೇಳಿದ್ದಾಳಲ್ಲ. ಸಾಯೋನು ಇಡಿಯಾಗಿ ಸಾಯ್ಲಿ. ಪೂರ್ವಿಕರ ಹತ್ರ ಕುಂಟ್ಕೊಂಡು ಹೋಗೋದಾ?" ಎಂದರು. ಎಜುರಾ ಕಡೆ ಒಬ್ಬ ನಾಟಿವೈದ್ಯನಿದ್ದಾನೆ, ಮೊದಲು ಅವನನ್ನು ನೋಡೋಣ ಅಂದರು. ಬಿರಾಗೊ ಜಗಳಕ್ಕೆ ನಿಂತಳು. "ಮಾವ, ನಿಮ್ಮ ಹಲ್ಲು ನೋವಿಗೆ ಆಸ್ಪತ್ರೆಗೆ ಓಡ್ತೀರಲ್ಲ, ಆಗ ಎಜುರಾ ನೆನಪಿಗೆ ಬರಲ್ವಾ?" ಯಾರೋ ನಕ್ಕರು. ಮಾವಯ್ಯ ನಗಲಿಲ್ಲ.

ಕೊನೆಗೆ ಅದುಸೈಯನ್ನೇ ಕೇಳಿದರು. ಅವರು ಹೇಳಿದ್ದನ್ನು ಅಕ್ಷರಶಃ ಬರೆಯುತ್ತೇನೆ: "ಕಾಲಿಲ್ಲದೆ ನಾನು ನೇಯಲಾರೆ. ನೇಯದೆ ಇದ್ದು ಏನು ಮಾಡ್ಲಿ? ನನ್ನ ಸಮಾಧಾನ ಒಂದೇ. ಇದು ನನ್ನ ಜೊತೆ ಮುಗಿಯುತ್ತೆ. ನಾನು ಗಂಡಸು, ಯಾರಿಗೂ ಕೊಟ್ಟಿಲ್ಲ."

ಸಭೆ ಮುಗಿದ ಮೇಲೆ ಬಿರಾಗೊ ಒಲೆಯ ಹತ್ತಿರ ಬಂದು ಕುಳಿತಳು. ಗಂಡನ ಅಕ್ಕ ಎಂದರೆ ನಮ್ಮಲ್ಲಿ ಇನ್ನೊಬ್ಬ ಗಂಡನ ಹಾಗೆ. ಮೊದಲ ದಿನದಿಂದ ಅವಳು ನನ್ನನ್ನು ಹೆಂಡ್ತಿ ಅಂತಲೇ ಕರೆಯುತ್ತಾಳೆ. "ಹೆಂಡ್ತಿ, ನೀನಾದ್ರೂ ಒಂದು ಮಾತು ಆಡ್ಬಾರ್ದಿತ್ತಾ?"

"ನನ್ನ ಜಾಗ ಅದಲ್ಲ ಅಕ್ಕ" ಎಂದೆ.

ಅದು ನಿಜವೇ.

ಫೆಬ್ರವರಿ 27, ಮಂಗಳವಾರ

ಹೋಗಲಿಲ್ಲ. 12.5.

ಮಾರ್ಚ್ 6, ಮಂಗಳವಾರ

ನೋವು ತಡೆಯಲಾರದೆ ಆಸ್ಪತ್ರೆಗೆ ಸೇರಿಸಿ ಮೂರು ದಿನವಾಯಿತು. ಮಾರ್ಫಿನ್ ಕೊಡುತ್ತಿದ್ದಾರೆ. ಕಾಲು ತೆಗೆಯುವ ಮಾತು ಬಂದರೆ ಗೋಡೆಯ ಕಡೆ ತಿರುಗುತ್ತಾರೆ.

ಮಧ್ಯಾಹ್ನ ನನ್ನ ತಾಯಿ ಪಿನಮಾಂಗ್ ಕೈಯಲ್ಲಿ ಫುಫು ಮುದ್ದೆ ಮತ್ತು ಸಾರು ಕಳಿಸಿದ್ದಳು. ನಮ್ಮಲ್ಲಿ ಗಂಡ ಹೆಂಡತಿ ತಂತಮ್ಮ ಬಳಿಯ ಮನೆಯಲ್ಲೇ ಇರುವುದು; ದಿನಾ ಸಂಜೆಯ ಊಟವನ್ನು ನನ್ನ ಮನೆಯಿಂದ ಅಪ್ಪನ ಮನೆಗೆ ಹೊತ್ತುಕೊಂಡು ಹೋಗುವವಳು ಅವಳೇ. ವಾರ್ಡಿನ ಬಾಗಿಲಲ್ಲಿ ತಲೆಯ ಮೇಲಿನ ಪಾತ್ರೆಯನ್ನು ಒಂದು ಕೈಯಿಂದ ಹಿಡಿದು ನಿಂತಿದ್ದಳು. ತೋಳಿಲ್ಲದ ಅಂಗಿ. ಡಾಕ್ಟರ್ ಅಯಂಗಾ ಎದುರಿಗೆ ಬಂದವರು ಹಾಗೇ ನಿಂತುಬಿಟ್ಟರು. ಎತ್ತಿದ ಕೈಯ ಕಂಕುಳನ್ನು ನೋಡುತ್ತಿದ್ದರು.

"ಪಾತ್ರೆ ಇಳಿಸಿ ಬಾ ಮಗು. ಅಮ್ಮನ್ನೂ ಕರ್ಕೊಂಡು ಬಾ."

ಕಂಕುಳಲ್ಲಿ ಎಳ್ಳು ಚೆಲ್ಲಿದಂಥ ಚುಕ್ಕೆಗಳು. ಹೊಟ್ಟೆ, ಬೆನ್ನು, ತೊಡೆಯ ಮೇಲೆ ಕಾಫಿ ಬಣ್ಣದ ಮಚ್ಚೆಗಳು; ಡಾಕ್ಟರು ಎಣಿಸಿದರು, ನಾನೂ ಎಣಿಸಿದೆ, ಒಂಬತ್ತು. ಆ ಮಚ್ಚೆಗಳನ್ನು ಹನ್ನೊಂದು ವರ್ಷ ಸ್ನಾನ ಮಾಡಿಸುತ್ತ ನೋಡಿದ್ದೇನೆ. ನನ್ನ ತಾಯಿ ಅವುಗಳಿಗೆ ಮುದ್ದಿನ ಹೆಸರು ಬೇರೆ ಇಟ್ಟಿದ್ದಳು.

"ಇವಳು ನನ್ನ ರಕ್ತ" ಎಂದೆ. "ನಮ್ಮ ಬಳಿಯಲ್ಲಿ ಯಾರಿಗೂ ಇಲ್ಲ."

"ಟೀಚರ್, ನಾಣ್ಯ ಚಿಮ್ಮಿದ ಹಾಗೆ. ತಾಯಿಗಿದ್ರೂ ಅಷ್ಟೇ, ತಂದೆಗಿದ್ರೂ ಅಷ್ಟೇ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ."

ಇಪ್ಪತ್ತೆರಡು ವರ್ಷದಿಂದ ಭಿನ್ನರಾಶಿ ಪಾಠ ಮಾಡುತ್ತಿದ್ದೇನೆ. ಅರ್ಧ ಎಂದರೇನು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಎರಡು ಸಲ ಹೇಳಿಸಿಕೊಂಡೆ.

ಈಗ ಅವಳಿಗೆ ಏನೂ ಅಪಾಯವಿಲ್ಲ. ವರ್ಷಕ್ಕೊಮ್ಮೆ ತೋರಿಸಬೇಕು, ಯಾವ ಗಂಟಾದರೂ ದಿಢೀರನೆ ಬೆಳೆದರೆ, ನೋವಾದರೆ, ಮರಗಟ್ಟಿದರೆ ಅದೇ ವಾರ ಬರಬೇಕು.

"ಅಪ್ಪನಿಗೆ ನಾನು ಹೇಳ್ಲಾ?" ಎಂದರು ಡಾಕ್ಟರು.

"ಬೇಡ. ನಾನೇ ಹೇಳ್ತೀನಿ."

ಒಳಗೆ ಹೋದಾಗ ಅದುಸೈ ಮಗಳ ತುತ್ತು ತಿನ್ನುತ್ತ ನಗುತ್ತಿದ್ದರು. ಹೇಳಲಿಲ್ಲ.

ಮಾರ್ಚ್ 11, ಭಾನುವಾರ

14. ಹೇಳಲಿಲ್ಲ.

ಮಾರ್ಚ್ 18, ಭಾನುವಾರ

14.5. ಮನೆಗೆ ಬಂದಿದ್ದಾರೆ. ಎಜುರಾದವನು ಬಂದು ಸೊಪ್ಪು ಅರೆದು ಕಟ್ಟಿ ಹೋದ. ಚರ್ಮ ಸುಲಿದಿದೆ.

ಹೇಳಿದರೆ ಅವರಿಗೆ ಉಳಿದಿರುವ ಒಂದೇ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ಕಾಲು ಕೊಡುವುದಿಲ್ಲ. ಹೇಳಿದ ಮೇಲೂ ಕೊಡದಿದ್ದರೆ? ಎರಡೂ ಹೋಗುತ್ತವೆ.

ಮಾರ್ಚ್ 25, ಭಾನುವಾರ

16.

ಪಿನಮಾಂಗ್ ಕೈ ಎತ್ತಿದಾಗಲೆಲ್ಲ ನೋಡುತ್ತೇನೆ. "ಯಾಕಮ್ಮ ಹಂಗೆ ನೋಡ್ತೀಯ, ಬೆವರು ವಾಸನೆನಾ?" ಎಂದಳು. ಹೌದು ಎಂದೆ. ಹೋಗಿ ಎರಡನೇ ಸಲ ಸ್ನಾನ ಮಾಡಿ ಬಂದಳು.

ಏಪ್ರಿಲ್ 2, ಸೋಮವಾರ, ಈಸ್ಟರ್ ರಜೆ

ಹೇಳಿದೆ. ಹೇಳಬೇಕೆಂದುಕೊಂಡ ಹಾಗೆ ಹೇಳಲಿಲ್ಲ.

ಅವರು ಮಗ್ಗದ ಮುಂದೆ ಕೂತಿದ್ದರು, ಎಡಗಾಲೊಂದರಲ್ಲೇ ಎರಡೂ ಹಗ್ಗ ಎಳೆಯಲು ನೋಡುತ್ತ. ಆಗದೆ ಲಾಳಿಯನ್ನು ಎಸೆದರು. ಬಿರಾಗೊಳ ಹಿರಿಯ ಮಗಳು ಅಂಗಳ ದಾಟಿ ಹೋದಳು. ಅವಳ ಕುತ್ತಿಗೆಯಲ್ಲಿ ಈಗಾಗಲೇ ಎರಡು ಗಂಟು. "ಪಾಪ ಅಕ್ಕ" ಎಂದರು. "ಮಕ್ಕಳ ಮುಖ ನೋಡೋಕೇ ಅವಳಿಗೆ ಭಯ. ನನಗೆ ಆ ಕಷ್ಟ ಇಲ್ಲ ನೋಡು. ನನ್ನ ಅದೃಷ್ಟ, ಗಂಡಾಗಿ ಹುಟ್ಟಿದೆ."

"ನಿಮ್ಮ ಮಗಳಿಗೂ ಇದೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ನಾನು ನಾಣ್ಯದ ಮಾತು ಹೇಳಿದೆ, ಒಂಬತ್ತು ಮಚ್ಚೆ ಹೇಳಿದೆ, ದಿನಾಂಕ ಹೇಳಿದೆ.

"ಮಾರ್ಚ್ ಆರನೇ ತಾರೀಕಿಂದ ಗೊತ್ತಿತ್ತಾ ನಿನಗೆ?"

"ಹೂಂ."

ಆಮೇಲೆ ಪಿನಮಾಂಗ್‌ಳನ್ನು ಕರೆದರು. "ಕೈ ಎತ್ತು ನೋಡೋಣ, ರಾಣಿ." ಅವಳು ನಾಚಿಕೊಂಡು, "ಸ್ನಾನ ಮಾಡಿದ್ದೀನಪ್ಪ" ಎನ್ನುತ್ತ ಎತ್ತಿದಳು. ಅದುಸೈ ತಮ್ಮ ಅಂಗಿಯ ತೋಳನ್ನು ಸರಿಸಿ ತಮ್ಮ ಕಂಕುಳನ್ನು ನೋಡಿಕೊಂಡರು, ಮತ್ತೆ ಅವಳದನ್ನು. ನೂಲಿನ ಬಣ್ಣ ಹೊಂದುತ್ತದೋ ಇಲ್ಲವೋ ಎಂದು ಬಿಸಿಲಿಗೆ ಹಿಡಿದು ನೋಡುತ್ತಾರಲ್ಲ, ಹಾಗೆ.

"ಹೋಗು, ಆಡ್ಕೊ ಹೋಗು" ಎಂದರು.

ಅವಳು ಹೋದ ಮೇಲೆ ಅತ್ತರು. ಮದುವೆಯಾದ ಮೇಲೆ ಮೊದಲ ಸಲ ನೋಡಿದೆ. ಎಷ್ಟು ಹೊತ್ತು ಎಂದು ನೋಡಿಕೊಳ್ಳಲಿಲ್ಲ. ಆಮೇಲೆ ಮೂಗು ಒರೆಸಿಕೊಂಡು, "ಯಾವತ್ತು ಕತ್ತರಿಸ್ತಾರೆ, ಕೇಳು" ಎಂದರು.

"ಮಾವಯ್ಯನಿಗೆ..."

"ಅವಳು ನಾಳೆ ಇದೇ ಥರ ಗೋಡೆ ಕಡೆ ತಿರುಗಿ ಮಲಗಿದ್ರೆ? ಅಪ್ಪನೂ ಹಂಗೇ ಮಾಡಿದ್ದ ಅಂತಾಳೆ. ಕೇಳು ಅಂದೆ."

ಏಪ್ರಿಲ್ 17, ಮಂಗಳವಾರ

ಕಾಲು ತೆಗೆದರು. ಆರು ತಾಸು. ಒಪ್ಪಿಗೆಯ ಕಾಗದಕ್ಕೆ ಅವರು ಸಹಿ ಹಾಕಿದರು, ಸಾಕ್ಷಿಯೆಂದು ನಾನು.

ಚೆರೆಮೆ ಮಾವಯ್ಯ ಕಾರಿಡಾರಿನಲ್ಲಿ ಕೋಲು ಕುಟ್ಟುತ್ತ, "ನಮ್ಮ ಬಳಿಯವನ ಮೈ. ಪೆನ್ನು ನಿನ್ನ ಕೈಗೆ ಯಾರು ಕೊಟ್ಟದ್ದು?" ಎಂದರು. ನಾನು ತಲೆ ತಗ್ಗಿಸಿದೆ. ಆದರೂ ಕಾಲನ್ನು ಒಯ್ಯಲು ಅವರೇ ಬಂದಿದ್ದರು, ಬಿಳಿ ಬಟ್ಟೆ ತಂದಿದ್ದರು. ಬಳಿಯ ಮೈ ಬಳಿಯ ಮಣ್ಣಿಗೆ. ಗಂಡಸರಿಬ್ಬರು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು.

ಸಂಜೆ ಎಚ್ಚರವಾದಾಗ ಬಿರಾಗೊ ಕೇಳಿದಳು: "ಕಾಲಿಗೆ ಎಂಟನೇ ದಿನದ ಸಾವಿನ ಶಾಸ್ತ್ರ ಮಾಡ್ಬೇಕೇನೋ ತಮ್ಮಾ?"

"ಮಾಡಿ. ನನ್ನನ್ನೂ ಕರೀರಿ. ಹತ್ತಿರದ ಸಂಬಂಧ."

ನಕ್ಕೆವು. ಆ ನಗು ನಿಲ್ಲಿಸಲು ನನಗೆ ಆಗಲಿಲ್ಲ. ಬಿರಾಗೊ ನನ್ನನ್ನು ಹೊರಗೆ ಕರೆದುಕೊಂಡು ಹೋಗಬೇಕಾಯಿತು.

ಮೊದಲು ಕೊಟ್ಟ ದಿನದಿಂದ ಇವತ್ತಿಗೆ ನಲವತ್ತೊಂಬತ್ತು ದಿನ. ಅದರಲ್ಲಿ ನನಗೆ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವು ಇಪ್ಪತ್ತೇಳು.

ಮೇ 10, ಗುರುವಾರ

ಎದೆಯ ಚಿತ್ರ. ಐದು ಚುಕ್ಕೆಗಳು. ದೊಡ್ಡದು ಒಂದೂವರೆ ಸೆಂಟಿಮೀಟರು.

"ಇಪ್ಪತ್ತೇಳು ದಿನದಲ್ಲಿ ಬಂದವಾ?" ಎಂದು ಕೇಳಿದೆ.

"ಹಾಗೆ ಲೆಕ್ಕ ಹಾಕ್ಬೇಡಿ" ಎಂದರು ಡಾಕ್ಟರ್ ಅಯಂಗಾ. "ಫೆಬ್ರವರಿಯಲ್ಲೇ ಇದ್ದಿರಬಹುದು, ಕಣ್ಣಿಗೆ ಕಾಣದಷ್ಟು ಸಣ್ಣಗೆ. ಅದು ಯಾರಿಗೂ ಗೊತ್ತಾಗಲ್ಲ."

"ನನಗೆ ಬೇರೆ ಏನೂ ಬರಲ್ಲ, ಡಾಕ್ಟ್ರೇ."

ಅವರು ನನ್ನ ಮೊಣಕೈ ಹಿಡಿದುಕೊಂಡರು.

ಕೆಂಪು ಔಷಧಿ ಒಂದಿದೆಯಂತೆ, ಇನ್ನೊಂದರ ಜೊತೆ ಸೇರಿಸಿ ರಕ್ತನಾಳಕ್ಕೆ ಹಾಕುವುದು. ನಾಲ್ವರಲ್ಲಿ ಒಬ್ಬರಿಗೆ ಗಡ್ಡೆ ಕುಗ್ಗುತ್ತದೆ. ಹೋಗುವುದಿಲ್ಲ, ಕುಗ್ಗುತ್ತದೆ.

ಜೂನ್ 21, ಗುರುವಾರ

ಎರಡನೆಯ ಸುತ್ತು. ಮೂತ್ರ ಕೆಂಪು, ಬಾಯಿ ತುಂಬ ಹುಣ್ಣು, ತಲೆಯಲ್ಲಿ ಕೂದಲಿಲ್ಲ. ಇಲ್ಲದ ಕಾಲಿನ ಬೆರಳುಗಳಲ್ಲಿ ಉರಿ ಎನ್ನುತ್ತಾರೆ. "ಇದ್ದಾಗ ಏನೂ ಗೊತ್ತಾಗ್ತಿರ್ಲಿಲ್ಲ ಬೇವರ್ಸಿಗೆ, ಈಗ ನೋಡು" ಎನ್ನುತ್ತಾರೆ.

ಶಾಲೆಗೆ ರಜೆ ಹಾಕಿದ್ದೇನೆ. ಓಣಿ ದಾಟಿ ಅವರ ಮನೆಯಲ್ಲೇ ಮಲಗುತ್ತಿದ್ದೇನೆ. ನನ್ನ ತಾಯಿಗೆ ಇದು ಇಷ್ಟವಿಲ್ಲ. ಬಿರಾಗೊ ನನ್ನ ಚಾಪೆಯ ಪಕ್ಕಕ್ಕೇ ತನ್ನ ಚಾಪೆ ಹಾಕಿದ್ದಾಳೆ.

ಜುಲೈ 5, ಗುರುವಾರ

ಐದು ಇದ್ದದ್ದು ಹನ್ನೊಂದಾಗಿದೆ. ಔಷಧಿ ನಿಲ್ಲಿಸಿದರು.

ಜುಲೈ 15, ಭಾನುವಾರ

ಅದುಸೈ ತಾವೇ ಬಳಿಯನ್ನು ಸೇರಿಸಿದರು. ನಾಲ್ಕು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕು. ಆದರೂ ಹೇಳಿದರು.

"ನಮ್ಮ ಗಂಟು ಹೆಂಗಸರ ಪಾಲು ಅಂದ್ಕೊಂಡಿದ್ವಿ. ಅಲ್ಲ. ನಾನು ನನ್ನ ಮಗಳಿಗೆ ಕೊಟ್ಟಿದ್ದೀನಿ. ಗಂಟಿರೋ ಗಂಡಸರೆಲ್ಲ ನಿಮ್ಮ ಮಕ್ಕಳನ್ನ ನೋಡ್ಕೊಳ್ಳಿ. ಬೇರೆ ಬಳಿಯವರು ಅಂತ ಬಿಡ್ಬೇಡಿ. ನಿಮ್ಮ ಹೆಂಡಿರಿಗೆ ಹೇಳಿ. ನಾನು ತಡ ಮಾಡ್ದೆ, ಅದಕ್ಕೇ ಹಿಂಗೆ ಕೂತಿದ್ದೀನಿ."

ಉಸಿರು ಸಾಲದೆ ನನ್ನ ಕಡೆ ಕೈ ಮಾಡಿದರು. ನಾನು ಒಲೆಯ ಪಕ್ಕದಿಂದ ಎದ್ದು ಬಂದು ಉಳಿದದ್ದನ್ನು ಹೇಳಿದೆ: ಅರ್ಧದ ಲೆಕ್ಕ, ಮಚ್ಚೆ, ಕಂಕುಳ ಚುಕ್ಕೆ, ಯಾವಾಗ ಹೆದರಬೇಕು, ಯಾವಾಗ ಹೆದರಬೇಕಾಗಿಲ್ಲ.

ಮಾವಯ್ಯ ಎದ್ದು ನಿಂತರು. "ಇದು ಹೊರಗೆ ಹೋದ್ರೆ ನಮ್ಮ ಗಂಡುಮಕ್ಕಳಿಗೆ ಯಾರು ಹೆಣ್ಣು ಕೊಡ್ತಾರೆ? ಬಂದ ಹೆಂಡ್ತಿಯೊಬ್ಬಳು ನಮ್ಮ ಬಳಿಗೆ ಲೆಕ್ಕ ಕಲಿಸ್ತಾಳಾ?"

ಆಮೇಲೆ ಗದ್ದಲ. ಮನೆಗೆ ಬಂದ ಮೇಲೆ ಬಿರಾಗೊ ಹೊಟ್ಟೆ ಹಿಡಿದು ನಕ್ಕಳು. "ಕೂತ್ಕೊಳ್ಳಿ ಮಾವಯ್ಯ, ಪಾಠ ಮುಗಿದಿಲ್ಲ ಅಂದ್ಬಿಟ್ಟೆಯಲ್ಲೇ! ಆ ಮುದುಕ ಕೂತೇಬಿಟ್ಟ!"

ನಾನು ಹಾಗೆ ಹೇಳಿದ ನೆನಪಿಲ್ಲ. ಅವಳು ಯಾವುದನ್ನೂ ಸ್ವಲ್ಪ ಹೆಚ್ಚು ಮಾಡಿಯೇ ಹೇಳುತ್ತಾಳೆ.

ಆಗಸ್ಟ್ 2, ಗುರುವಾರ

ಅದುಸೈಯವರ ಚಿಕ್ಕಮ್ಮನ ಮಗನ ಮದುವೆ ಮುರಿಯಿತು. ಹುಡುಗಿಯ ಕಡೆಯವರು ಒಪ್ಪಿಗೆಗೆಂದು ತೆಗೆದುಕೊಂಡಿದ್ದ ಮದ್ಯದ ಬಾಟಲಿಗಳನ್ನು ಮುಚ್ಚಳ ಬಿಚ್ಚದೆ ವಾಪಸು ಕಳಿಸಿದರು. ನೀರಿನ ಕೊಳಾಯಿಯ ಹತ್ತಿರ ಒಬ್ಬಳು ನನಗೆ ಕೇಳಿಸುವಂತೆ, "ಗಂಡನ ಕಾಲು ತಿಂದಳು, ಈಗ ಅವನ ಬಳಿಯನ್ನೂ ತಿಂತಾಳೆ" ಎಂದಳು.

ಅವಳ ಗಂಡನ ಬೆನ್ನ ಮೇಲೂ ಗಂಟುಗಳಿವೆ. ಅವಳಿಗೆ ನಾಲ್ಕು ಮಕ್ಕಳು. ಕೊಡ ತುಂಬುವವರೆಗೆ ಕಾದು, ಅದನ್ನೇ ಹೇಳಿ ಬಂದೆ.

ಆಗಸ್ಟ್ 12, ಭಾನುವಾರ

ಮಲಗಲಾರರು. ದಿಂಬುಗಳಿಗೆ ಒರಗಿ ಕೂತೇ ಇರುತ್ತಾರೆ. ಮಾರ್ಫಿನ್ ದಿನಕ್ಕೆ ಆರು ಸಲ. ಅಳೆಯಲು ನನಗೆ ಈಗ ಏನೂ ಇಲ್ಲ, ಎಲ್ಲ ಒಳಗಿದೆ.

ಪಿನಮಾಂಗ್ ಶಾಲೆಯ ಪುಸ್ತಕ ಓದಿ ಹೇಳುತ್ತಾಳೆ. ಅವರು ಅವಳ ಕೈ ಹಿಡಿದು ಒಂದೊಂದೇ ಮಚ್ಚೆ ತೋರಿಸಿ, ಇದು ದೊಡ್ಡದಾದ್ರೆ ಪರವಾಗಿಲ್ಲ, ಇಲ್ಲಿ ಗಂಟಾಗಿ ನೋವಾದ್ರೆ ಅದೇ ದಿನ ಅಮ್ಮನಿಗೆ ಹೇಳು ಎಂದು ಕಲಿಸುತ್ತಾರೆ. "ಗಟ್ಟಿಯಾಗಿ ಹೇಳ್ಬೇಕು. ಕೇಳಿಸ್ಲಿಲ್ಲ ಅಂದ್ರೆ ಕಿರುಚು." ಅವಳು ಕಿರುಚಿ ತೋರಿಸಿದಳು. ಅವರು ನಕ್ಕು, ಕೆಮ್ಮಿ, ರಕ್ತ ಉಗುಳಿದರು.

ದೇವರನ್ನು ಏನೂ ಕೇಳುತ್ತಿಲ್ಲ. ಕೇಳಲು ಏನು ಉಳಿದಿದೆಯೋ ತಿಳಿಯುತ್ತಿಲ್ಲ.

ಆಗಸ್ಟ್ 19, ಭಾನುವಾರ

ಮಧ್ಯಾಹ್ನ ಚೆರೆಮೆ ಮಾವಯ್ಯ ಒಬ್ಬರೇ ಬಂದರು. ಜೊತೆಗೆ ಯಾರೂ ಇಲ್ಲದೆ ಅವರು ಹೊರಗೆ ಕಾಲಿಡುವುದನ್ನು ನಾನು ನೋಡಿಲ್ಲ. ಅದುಸೈ ತೂಕಡಿಸುತ್ತಿದ್ದರು. ಅವರನ್ನು ಒಂದು ಗಳಿಗೆ ನೋಡಿ, ಅಂಗಳಕ್ಕೆ ಬಂದು ನನ್ನ ಮುಂದೆ ನಿಂತರು. ಹೆಗಲ ಮೇಲಿನ ಹೊದಿಕೆಯನ್ನು ಸೊಂಟದವರೆಗೆ ಇಳಿಸಿದರು. ಗಂಡಸರು ಹಾಗೆ ಹೆಗಲು ಬರಿದು ಮಾಡಿಕೊಳ್ಳುವುದು ಅರಸನೆದುರು ಮಾತ್ರ. ನಾನು ಗಾಬರಿಯಿಂದ ಎದ್ದೆ. ಆಮೇಲೆ ಕಂಡಿತು. ಎದೆ, ಪಕ್ಕೆ, ಭುಜದ ಹಿಂದೆಲ್ಲ, ಬಟಾಣಿಯಂಥವು.

"ಎಪ್ಪತ್ತೊಂದು ವರ್ಷ ಯಾರಿಗೂ ತೋರಿಸಿಲ್ಲ" ಎಂದರು. "ನನ್ನ ಮಗಳು ಫ್ರೆಮಾ, ಒಬುವಾಸಿಯಲ್ಲಿದ್ದಾಳೆ. ಕುತ್ತಿಗೆ ಪಕ್ಕ ಒಂದು."

"ಎಷ್ಟು ದಿನದಿಂದ ಬೆಳೀತಿದೆ?"

"ಈಸ್ಟರ್ ಆದ ಮೇಲೆ ಅಂತಾಳೆ."

"ರಾತ್ರಿ ನೋವು?"

"ನಿದ್ದೆ ಇಲ್ವಂತೆ."

"ನಾಳೆ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಸಭೆ ಸೇರಿಸ್ಬೇಡಿ, ಯಾರನ್ನೂ ಕೇಳ್ಬೇಡಿ, ನಾಳೆ."

"ಅವಳು ಅವಳ ತಾಯಿ ಬಳಿಯವಳು. ನಾನು ಅಪ್ಪ. ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ?" ಹೊದಿಕೆಯನ್ನು ಮತ್ತೆ ಹೆಗಲಿಗೆ ಎಳೆದುಕೊಂಡರು. "ನಮ್ಮಲ್ಲಿ ಯಾರಿಗೂ ಇಲ್ಲ ಅಂತಾರೆ ಅವರು. ನೀನು ಹೇಳಿದ್ರೆ ಕೇಳ್ತಾರೆ. ನೀನು ಹೋಗು, ಮಗಳೇ."

ಒಳಗೆ ಅದುಸೈ ಉಸಿರು ಎಳೆಯುವ ಸದ್ದು ಇಬ್ಬರಿಗೂ ಕೇಳಿಸುತ್ತಿತ್ತು. ಒಬುವಾಸಿಗೆ ಹೋಗಿಬರಲು ಒಂದು ದಿನ ಬೇಕು. ನಾನು ಇವರ ಒಂದು ದಿನವನ್ನು ಹೇಗೆ ಕೊಡಲಿ?

ಸಂಜೆ ಎಚ್ಚರವಾದಾಗ ಅವರಿಗೇ ಹೇಳಿ, ಹೋಗಲ್ಲ ಎಂದೆ. ಕಣ್ಣು ಮುಚ್ಚಿದರು. ನಿದ್ದೆ ಬಂತೆಂದುಕೊಂಡೆ.

"ಟೀಚರಮ್ಮ," ಎಂದರು. "ಎಷ್ಟು ದಿನ ಬಾಯಿ ಮುಚ್ಕೊಂಡಿದ್ದೆ ನೀನು?"

"ಇಪ್ಪತ್ತೇಳು."

"ಇಪ್ಪತ್ತೆಂಟು ಮಾಡ್ಬೇಡ."

ಆಗಸ್ಟ್ 20, ಸೋಮವಾರ

ಒಬುವಾಸಿಯಿಂದ ಕುಮಾಸಿಗೆ, ಟ್ರೋಟ್ರೋ ವ್ಯಾನಿನಲ್ಲಿ. ಅಕ್ಷರ ಕುಣಿಯುತ್ತಿದೆ.

ಬೆಳಿಗ್ಗೆ ಆರಕ್ಕೆ ಹೊರಟೆ. ಹೊರಡುವಾಗ ಅದುಸೈ ಕಣ್ಣು ಬಿಟ್ಟು ನೋಡಿದರು, ಮಾತಾಡಲಿಲ್ಲ. ತುಟಿಗೆ ನೀರು ಮುಟ್ಟಿಸಿದೆ.

ಒಂಬತ್ತು ಗಂಟೆಗೆ ಒಬುವಾಸಿ ನಿಲ್ದಾಣದಲ್ಲಿ ಇಳಿಯುತ್ತಿದ್ದ ಹಾಗೇ ಬಿರಾಗೊಳ ಫೋನು ಬಂತು. "ಹೆಂಡ್ತಿ, ಮನೆಗೆ ಬಂದ್ಬಿಡು" ಎಂದಳು.

"ಅಕ್ಕ, ಹೇಗಿದ್ದಾರೆ?"

"ಬಂದ್ಬಿಡು."

ನಮ್ಮಲ್ಲಿ ಆ ಸುದ್ದಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಿಂದೆ ಅವಳ ಮಕ್ಕಳು ಅಳುತ್ತಿದ್ದರು. ಪಿನಮಾಂಗ್ ಎಲ್ಲಿ ಎಂದು ಕೇಳಿದೆ. ಇಲ್ಲೇ ನನ್ನ ಮಡಿಲಲ್ಲಿದ್ದಾಳೆ ಎಂದಳು. ವಾಪಸು ಹೋಗುವ ಗಾಡಿ ಎದುರಿಗೇ ನಿಂತಿತ್ತು, ಎರಡು ಸೀಟು ಖಾಲಿ, ಹುಡುಗ ಕುಮಾಸಿ ಕುಮಾಸಿ ಎಂದು ಕೂಗುತ್ತಿದ್ದ. ಹೆಂಡತಿಯಾದವಳು ಆ ಕ್ಷಣವೇ ಹೋಗಿ ಅವರ ತಲೆಯ ಹತ್ತಿರ ಕೂರಬೇಕು.

"ಸಂಜೆಗೆ ಬರ್ತೀನಿ ಅಕ್ಕ" ಎಂದೆ. "ಮೊದಲು ಇದನ್ನ ಮುಗಿಸ್ತೀನಿ."

"ಸರಿ. ನಾನು ಕೂತಿರ್ತೀನಿ" ಎಂದಳು.

ದಾರಿ ಕೇಳಿಕೊಂಡು ಹೋದೆ. ಗಣಿಯ ಕಡೆಗೆ ಹೋಗುವ ಏರುರಸ್ತೆ, ನೀಲಿ ಬಾಗಿಲಿನ ಮನೆ. ಬಾಗಿಲು ತಟ್ಟುವ ಮುಂಚೆ ಮುಖ ಒರೆಸಿಕೊಂಡೆ. ಇಪ್ಪತ್ತೈದು, ಇಪ್ಪತ್ತಾರರ ಹೆಂಗಸು ಬಾಗಿಲು ತೆರೆದಳು. ಹಣೆ ಮಾವಯ್ಯನದೇ. ಯಾರ ಕಡೆಯಿಂದ ಬಂದೆ ಎಂದು ಹೇಳಿದೆ. ಅವಳು ಸ್ವಾಗತಿಸಿ ಎಡಗೈ ಚಾಚಿದಳು. ಚಾಚಿ, ನಾಚಿಕೆಯಿಂದ ತಕ್ಷಣ ಹಿಂದೆ ಎಳೆದುಕೊಂಡಳು. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು.

"ತಪ್ಪು ತಿಳ್ಕೋಬೇಡಿ ಅಕ್ಕ. ದೊಡ್ಡವರಿಗೆ ಎಡಗೈ ಕೊಡೋ ಥರ ನನ್ನ ಬೆಳೆಸಿಲ್ಲ."

ನಾನು ಆ ಎಡಗೈಯನ್ನೇ ಹಿಡಿದುಕೊಂಡೆ.

"ಬಲಗೈ ತೋರಿಸು" ಎಂದೆ.